ಒಂದೇ ಗಣಕ, ಎರಡು ವ್ಯವಸ್ಥೆ: ಮನೆಯ ಕಂಪ್ಯೂಟರಿನ ಪಾಲುಪಟ್ಟಿಯ ಚರಿತ್ರೆ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಮ್ಮ ಮಕ್ಕಳು ಐಸಿಟಿ ಪಾಠವನ್ನು ಕಲಿಯುವುದು ಲಿನಕ್ಸ್ ಗಣಕದಲ್ಲಿ. ಅದೇ ಮಕ್ಕಳು ಸಂಜೆ ಮನೆಗೆ ಬಂದು ತೆರೆಯುವ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದು ವಿಂಡೋಸ್. ಶಾಲೆಯಲ್ಲಿ ಕಲಿತದ್ದನ್ನು ಮತ್ತೊಮ್ಮೆ ಮಾಡಿ ನೋಡಲು ಬೇಕಾದ ಸಲಕರಣೆಗಳು ಅಲ್ಲಿ ಕಾಣವು. ಮನೆಯಲ್ಲಿ ಕನ್ನಡದಲ್ಲಿ ಬೆರಳಚ್ಚಿಸಿದ ಪುಟವನ್ನು ಶಾಲೆಯಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುವುದೂ ಉಂಟು. ಎರಡು ವ್ಯವಸ್ಥೆಗಳನ್ನೂ ಒಂದೇ ಯಂತ್ರದಲ್ಲಿ ಇರಿಸಿಕೊಳ್ಳಬಹುದು ಎಂದರೆ ಪೋಷಕರ ಮೊದಲ ಪ್ರಶ್ನೆ ಒಂದೇ: ಹೊಸದನ್ನು ಹಾಕಿದರೆ ಇದ್ದದ್ದು ಕೆಟ್ಟುಹೋಗದೆ?

ಈ ಪ್ರಶ್ನೆ ನಮಗೆ ಅಪರಿಚಿತವಲ್ಲ. ಮಗುವನ್ನು ಕನ್ನಡ ಮಾಧ್ಯಮಕ್ಕೆ ಸೇರಿಸುವಾಗ ನೆಂಟರಿಷ್ಟರು ಕೇಳುವುದೂ ಇಂಥದ್ದನ್ನೇ. ರಾಜ್ಯದ ಭಾಷೆಯೂ ಬೇಕು, ಇಂಗ್ಲಿಷೂ ಬೇಕು, ಇವುಗಳ ನಡುವೆ ಕನ್ನಡಕ್ಕೆ ಜಾಗವೆಲ್ಲಿ ಎಂಬ ಆತಂಕ ಗಡಿಯಾಚೆಯ ಕನ್ನಡಿಗರ ಮನೆಮನೆಗಳಲ್ಲಿ ಇದೆ. ಗಣಕದ ಮಟ್ಟಿಗಾದರೂ ಈ ಪ್ರಶ್ನೆಗೆ ನಾಲ್ಕು ದಶಕಗಳ ಚರಿತ್ರೆ ಸ್ಪಷ್ಟವಾದ ಉತ್ತರ ಕೊಡುತ್ತದೆ. ಜಾಗದ ಕೊರತೆ ಅಲ್ಲಿ ಎಂದೂ ಮುಖ್ಯ ತೊಡಕಾಗಿರಲಿಲ್ಲ. ಎರಡನೆಯ ವ್ಯವಸ್ಥೆ ಉಳಿಯಿತೋ ಅಳಿಯಿತೋ ಎಂಬುದು ಬೇರೆ ಎರಡು ಸಂಗತಿಗಳನ್ನು ಅವಲಂಬಿಸಿತ್ತು: ಅದರ ಹೆಸರು ಆಯ್ಕೆಯ ಪಟ್ಟಿಯಲ್ಲಿ ಕಾಣುತ್ತಿತ್ತೆ, ಮತ್ತು ಒಂದರ ಬರಹವನ್ನು ಇನ್ನೊಂದು ಓದಬಲ್ಲುದಾಗಿತ್ತೆ.

ನಾಲ್ಕು ಪಾಲಿನ ಮನೆ

ಗಣಕಕ್ಕೆ ವಿದ್ಯುತ್ ಹರಿದೊಡನೆ ಎಚ್ಚೆತ್ತು ಕೀಲಿಮಣೆ, ಪರದೆ, ಸ್ಮೃತಿ, ಕಡತಗಳನ್ನೆಲ್ಲ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಅಥವಾ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದಾಗ ಅದಕ್ಕೆ ಒಂದಲ್ಲ, ಮೂರು ವ್ಯವಸ್ಥೆಗಳನ್ನು ಘೋಷಿಸಿತ್ತು. ಮೈಕ್ರೋಸಾಫ್ಟ್ ಒದಗಿಸಿದ ಪಿಸಿ ಡಾಸ್, ಡಿಜಿಟಲ್ ರಿಸರ್ಚ್ ಸಂಸ್ಥೆಯ ಸಿಪಿ/ಎಂ-86 ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೋ ಕೇಂದ್ರದಲ್ಲಿ ಹುಟ್ಟಿದ ಪಿ-ಸಿಸ್ಟಂ ಆ ಮೂರು. ಅಂದಿನ ಯಂತ್ರದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಯಾವ ಫ್ಲಾಪಿಯನ್ನು ತೂರಿಸಿ ಗಣಕವನ್ನು ಚಾಲೂ ಮಾಡುತ್ತೇವೋ ಆ ವ್ಯವಸ್ಥೆಯೇ ನಡೆಯುತ್ತಿತ್ತು. ಒಂದು ಯಂತ್ರದಲ್ಲಿ ಹಲವು ವ್ಯವಸ್ಥೆ ಎಂಬುದು ಮನೆಗಣಕದ ಆರಂಭದಲ್ಲೇ ಇದ್ದ ಸಂಗತಿ.

ಆದರೆ ಆಯ್ಕೆ ಸಮಾನವಾಗಿರಲಿಲ್ಲ. ಪಿಸಿ ಡಾಸ್‌ನ ಬೆಲೆ 40 ಡಾಲರ್, ಸಿಪಿ/ಎಂ-86ರ ಬೆಲೆ 240 ಡಾಲರ್. ಆರು ಪಟ್ಟು ಅಂತರವಿದ್ದಾಗ ಕೊಳ್ಳುವವನು ಯಾವುದನ್ನು ಆರಿಸಿಯಾನು ಎಂದು ಹೇಳಬೇಕಾಗಿಲ್ಲ. ಹೀಗೆ ಕೆಲವೇ ವರ್ಷಗಳಲ್ಲಿ ಒಂದು ವ್ಯವಸ್ಥೆ ಬಹುಸಂಖ್ಯಾತವಾಯಿತು.

1983ರ ಮಾರ್ಚ್‌ನಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿ ಮಾದರಿಯನ್ನು 10 ಮೆಗಾಬೈಟಿನ ಹಾರ್ಡ್ ಡಿಸ್ಕಿನೊಂದಿಗೆ ಹೊರತಂದಿತು. ಅದರ ಜೊತೆಗೆ ಬಂದ ಡಾಸ್ 2.0 ಆ ಡಿಸ್ಕನ್ನು ಪಾಲು ಮಾಡುವ ಏರ್ಪಾಡನ್ನೂ ತಂದಿತು. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ತುಣುಕಿನಲ್ಲಿ ಗಣಕವನ್ನು ಎಬ್ಬಿಸುವ ಒಂದು ಚಿಕ್ಕ ಆದೇಶಮಾಲೆ, ಅದರ ಕೊನೆಯಲ್ಲಿ 64 ಬೈಟುಗಳ ಒಂದು ಪಟ್ಟಿ. ತಲಾ 16 ಬೈಟುಗಳ ನಾಲ್ಕು ಸಾಲುಗಳಲ್ಲಿ ಡಿಸ್ಕಿನ ಯಾವ ಪಾಲು ಎಲ್ಲಿ ಆರಂಭವಾಗುತ್ತದೆ, ಎಷ್ಟು ದೊಡ್ಡದು, ಯಾವ ಬಗೆಯದು ಎಂಬ ವಿವರ. ನಮ್ಮ ಕಡೆ ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡು ಬರೆಸುವ ಪಾಲುಪಟ್ಟಿಯಂತೆಯೇ ಇದು. ಎರಡೋ ಮೂರೋ ಪಾಲನ್ನು ಬೇರೆ ವ್ಯವಸ್ಥೆಗಳಿಗೆ ಬಿಟ್ಟುಕೊಡಲು ಸಾಧ್ಯವಾಗಲಿ ಎಂಬುದೇ ಈ ಏರ್ಪಾಡಿನ ಉದ್ದೇಶಗಳಲ್ಲಿ ಒಂದಾಗಿತ್ತು. ಬಹುಸಂಖ್ಯಾತ ವ್ಯವಸ್ಥೆಯೇ ತನ್ನ ಮನೆಯಲ್ಲಿ ಇತರರಿಗೆ ಕೋಣೆ ಇಟ್ಟಿತ್ತು ಎಂಬುದು ಗಮನಾರ್ಹ.

ಆದರೂ ಒಂದು ಕೊರತೆ ಇತ್ತು. ನಾಲ್ಕು ಪಾಲುಗಳಲ್ಲಿ ಒಂದಕ್ಕೆ ಮಾತ್ರ ‘ಸಕ್ರಿಯ’ ಎಂಬ ಗುರುತು. ಗಣಕ ಎಚ್ಚೆತ್ತಾಗ ಆ ಪಾಲಿನ ವ್ಯವಸ್ಥೆಗೆ ಮಾತ್ರ ಅಧಿಕಾರ. ಇನ್ನೊಂದು ಬೇಕೆಂದರೆ ಒಂದು ವಿಶೇಷ ತಂತ್ರಾಂಶವನ್ನು ತೆರೆದು ಗುರುತನ್ನು ಬದಲಿಸಿ, ಗಣಕವನ್ನು ಮತ್ತೆ ಚಾಲೂ ಮಾಡಬೇಕಿತ್ತು. ಕೋಣೆ ಇತ್ತು, ಬಾಗಿಲಲ್ಲಿ ನಿಂತು ‘ಯಾರನ್ನು ಕರೆಯಲಿ?’ ಎಂದು ಕೇಳುವವರು ಇರಲಿಲ್ಲ.

ಬಾಗಿಲಲ್ಲಿ ಕೇಳುವವರು

ಆ ಕೆಲಸವನ್ನು ಮಾಡುವ ತಂತ್ರಾಂಶಗಳು ಪ್ರಚಾರಕ್ಕೆ ಬಂದದ್ದು 1990ರ ದಶಕದಲ್ಲಿ. 1992ರಲ್ಲಿ ಐಬಿಎಂನ ಓಎಸ್/2 2.0 ಬೂಟ್ ಮ್ಯಾನೇಜರ್ ಎಂಬ ಸಲಕರಣೆಯನ್ನು ತಂದಿತು. ಗಣಕ ಎಚ್ಚೆತ್ತೊಡನೆ ಅದು ವ್ಯವಸ್ಥೆಗಳ ಹೆಸರುಗಳನ್ನು ಪರದೆಯ ಮೇಲೆ ಸಾಲಾಗಿ ತೋರಿಸಿ ಆಯ್ಕೆಗೆ ಕಾಯುತ್ತಿತ್ತು. 1993ರ ವಿಂಡೋಸ್ ಎನ್‌ಟಿ ಕೂಡ ಹಳೆಯ ಡಾಸ್‌ನೊಂದಿಗೆ ಒಂದೇ ಯಂತ್ರದಲ್ಲಿ ಇರಲು ಇಂಥದೇ ಪಟ್ಟಿಯನ್ನು ಒದಗಿಸಿತು.

ಇದೇ ಕಾಲದಲ್ಲಿ ಫಿನ್‌ಲೆಂಡಿನಲ್ಲಿ ಇನ್ನೊಂದು ಬೆಳವಣಿಗೆ ನಡೆದಿತ್ತು. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರ ಜನವರಿಯಲ್ಲಿ ಮನೆಗೊಂದು ಗಣಕ ಕೊಂಡು, ಅದರಲ್ಲಿ ಅಧ್ಯಾಪನಕ್ಕೆಂದು ರಚಿತವಾದ ಮಿನಿಕ್ಸ್ ವ್ಯವಸ್ಥೆಯನ್ನು ಹಾಕಿಕೊಂಡರು. ಅದೇ ಡಿಸ್ಕಿನಲ್ಲಿ ತಮ್ಮದೇ ಹೊಸ ವ್ಯವಸ್ಥೆಯನ್ನು ಕಟ್ಟತೊಡಗಿದರು. ಲಿನಕ್ಸ್ ಎಂದು ಹೆಸರಾದ ಆ ವ್ಯವಸ್ಥೆ ತನ್ನ ಶೈಶವವನ್ನು ಕಳೆದದ್ದು ಇನ್ನೊಂದರ ಆಶ್ರಯದಲ್ಲಿ, ಮನೆಗಣಕದ ಎರಡನೆಯ ವ್ಯವಸ್ಥೆಯಾಗಿ. ಒಂದು ದಿನ ಮೋಡೆಮ್‌ಗೆ ಕಳುಹಿಸಬೇಕಾದ ಆದೇಶ ಅವರ ಕೈತಪ್ಪಿನಿಂದ ಹಾರ್ಡ್ ಡಿಸ್ಕಿಗೆ ಹೋಗಿ ಮಿನಿಕ್ಸ್‌ನ ಪಾಲು ಅಳಿಸಿಹೋಯಿತು. ಆಗ ಅದನ್ನು ಮತ್ತೆ ಹಾಕದೆ ಲಿನಕ್ಸಿನಲ್ಲೇ ಮುಂದುವರಿಯಲು ಅವರು ನಿರ್ಧರಿಸಿದರು. ಪಾಲುಪಟ್ಟಿಯ ಕೆಲಸದಲ್ಲಿ ಎಚ್ಚರಿಕೆ ಬೇಕೆಂಬುದಕ್ಕೆ ಇದಕ್ಕಿಂತ ಹಿರಿಯ ನಿದರ್ಶನ ಬೇಡ.

ಲಿನಕ್ಸ್ ಪ್ರಪಂಚದ ಆರಂಭಕಾಲದ ದ್ವಾರಪಾಲಕ ವರ್ನರ್ ಆಲ್ಮೆಸ್‌ಬರ್ಗರ್ ಬರೆದ ಲಿಲೋ. ವ್ಯವಸ್ಥೆಯ ತಿರುಳು ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದನ್ನಷ್ಟೇ ಅದು ನೆನಪಿಟ್ಟುಕೊಳ್ಳುತ್ತಿದ್ದುದರಿಂದ, ತಿರುಳು ಬದಲಾದಾಗಲೆಲ್ಲ ಅದಕ್ಕೆ ಹೊಸದಾಗಿ ತಿಳಿಸಬೇಕಿತ್ತು. 1995ರಲ್ಲಿ ಎರಿಕ್ ಬೊಲೇನ್ ಆರಂಭಿಸಿದ ಗ್ರಬ್ ಈ ತೊಡಕನ್ನು ನೀಗಿತು. ಅದು ಕಡತಗಳ ಹೆಸರನ್ನೇ ಓದಿ ಹುಡುಕಬಲ್ಲುದು. ಇಂದು ಎರಡು ವ್ಯವಸ್ಥೆಗಳಿರುವ ಗಣಕಗಳಲ್ಲಿ ಮೊದಲು ಕಾಣುವ ಪಟ್ಟಿ ಬಹುಮಟ್ಟಿಗೆ ಗ್ರಬ್‌ನದೇ.

ಪಟ್ಟಿಯಲ್ಲಿ ಹೆಸರಿಲ್ಲದ ವ್ಯವಸ್ಥೆ

ತಂತ್ರಜ್ಞಾನ ಎಲ್ಲವನ್ನೂ ಸಾಧ್ಯವಾಗಿಸಿದ್ದ ಆ ದಶಕದ ಕೊನೆಯಲ್ಲಿ ನಡೆದ ಒಂದು ಪ್ರಸಂಗ ಅಲ್ಪಸಂಖ್ಯಾತರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು. ಆ್ಯಪಲ್ ಸಂಸ್ಥೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಜಾನ್ ಲೂಯಿ ಗಾಸೆ ಸ್ಥಾಪಿಸಿದ ಬಿ ಎಂಬ ಕಂಪನಿ ಬಿಓಎಸ್ ಎಂಬ ವ್ಯವಸ್ಥೆಯನ್ನು ರಚಿಸಿತ್ತು. ವಿಂಡೋಸನ್ನು ತೆಗೆದುಹಾಕಿ ಎಂದು ಅದು ಕೇಳಲಿಲ್ಲ. ಪಕ್ಕದಲ್ಲಿ ಇರಲು ಜಾಗ ಕೇಳಿತು. ಜಪಾನಿನ ಹಿಟಾಚಿ ಸಂಸ್ಥೆ ತನ್ನ ಒಂದು ಮಾದರಿಯ ಗಣಕದಲ್ಲಿ ಎರಡನ್ನೂ ಹಾಕಿ ಮಾರಾಟಕ್ಕೆ ತಂದಿತು. ಆದರೆ ಗಣಕ ಎಚ್ಚೆತ್ತಾಗ ತೋರಬೇಕಾದ ಪಟ್ಟಿಯನ್ನು ಅದರಲ್ಲಿ ಇಡಲಿಲ್ಲ. ಬಿಓಎಸ್ ಡಿಸ್ಕಿನಲ್ಲಿ ಪೂರ್ತಿಯಾಗಿ ಇತ್ತು, ಕೊಂಡವರಿಗೆ ಮಾತ್ರ ಕಾಣುತ್ತಿರಲಿಲ್ಲ. ಅದನ್ನು ಹೊರತರಲು ಬೇರೆ ಸೂಚನೆಗಳನ್ನು ಹುಡುಕಿ ಹಂತಹಂತವಾಗಿ ಪಾಲಿಸಬೇಕಿತ್ತು.

ಗಣಕ ತಯಾರಕರೊಂದಿಗೆ ಮೈಕ್ರೋಸಾಫ್ಟ್ ಮಾಡಿಕೊಂಡಿದ್ದ ಪರವಾನಗಿಯ ಕರಾರುಗಳೇ ಇದಕ್ಕೆ ಕಾರಣ ಎಂಬುದು ಬಿ ಕಂಪನಿಯ ಆರೋಪ. 2002ರಲ್ಲಿ ಅದು ನ್ಯಾಯಾಲಯದ ಮೊರೆಹೊಕ್ಕಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪನ್ನು ಒಪ್ಪಿಕೊಳ್ಳದೆ 2 ಕೋಟಿ 32.5 ಲಕ್ಷ ಡಾಲರ್ ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡಿತು. ಅಷ್ಟರಲ್ಲಿ ಬಿಓಎಸ್ ಮಾರುಕಟ್ಟೆಯಿಂದ ಮರೆಯಾಗಿತ್ತು.

ಇಲ್ಲದ್ದಕ್ಕೂ ಇದ್ದು ಕಾಣದ್ದಕ್ಕೂ ಬಳಸುವವನ ಪಾಲಿಗೆ ವ್ಯತ್ಯಾಸವಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಆ ಸೌಲಭ್ಯ ದಾಖಲಾತಿಯ ದಿನ ಶಾಲೆಯ ಫಲಕದಲ್ಲಿ, ಅರ್ಜಿಯ ನಮೂನೆಯಲ್ಲಿ ಕಾಣದಿದ್ದರೆ ಅದು ಪಟ್ಟಿಯಲ್ಲಿ ಹೆಸರಿಲ್ಲದ ಬಿಓಎಸ್‌ನಂತೆ. ಹಕ್ಕನ್ನು ಪಡೆದ ಮೇಲೂ ಅದು ಕಣ್ಣಿಗೆ ಬೀಳುವಂತೆ ನೋಡಿಕೊಳ್ಳುವ ಕೆಲಸ ಉಳಿದಿರುತ್ತದೆ.

ಕೇರಳ, ತಮಿಳುನಾಡಿನ ಶಾಲೆಗಳಲ್ಲಿ

ಎರಡು ವ್ಯವಸ್ಥೆಗಳ ಈ ಚರಿತ್ರೆ ನಮ್ಮ ಮಕ್ಕಳ ಶಾಲೆಗೆ ಬಂದು ಸೇರುವುದು 2001ರ ನಂತರ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಗೆ ದಾರಿ ತೋರಿದ ಕಾರ್ಯಪಡೆಯ ನೇತೃತ್ವ ವಹಿಸಿದ್ದವರು ಇಸ್ರೋದ ಅಧ್ಯಕ್ಷರಾಗಿದ್ದ ಪ್ರೊ. ಯು. ಆರ್. ರಾವ್, ಉಡುಪಿ ಸಮೀಪದ ಅದಮಾರಿನಲ್ಲಿ ಹುಟ್ಟಿದ ಕನ್ನಡಿಗರು. ಆರಂಭದಲ್ಲಿ ಶಾಲೆಗಳ ಪಾಠ ವಿಂಡೋಸನ್ನು ಆಧರಿಸಿತ್ತು. ಪರವಾನಗಿಯ ವೆಚ್ಚ ಒಂದು ಕಡೆ, ಒಂದು ಕಂಪನಿಯ ಸರಕನ್ನು ಸರ್ಕಾರಿ ಪಠ್ಯ ಏಕೆ ಕಲಿಸಬೇಕೆಂಬ ಅಧ್ಯಾಪಕ ಸಂಘಟನೆಗಳ ಆಕ್ಷೇಪ ಇನ್ನೊಂದು ಕಡೆ. ಇವುಗಳ ಫಲವಾಗಿ ಪಾಠ ಹಂತಹಂತವಾಗಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2008ರ ಹೊತ್ತಿಗೆ ಎಸ್‌ಎಸ್‌ಎಲ್‌ಸಿಯ ಐಟಿ ಪರೀಕ್ಷೆ ಪೂರ್ಣವಾಗಿ ಲಿನಕ್ಸಿನಲ್ಲಿ ನಡೆಯತೊಡಗಿತು. 2017ರಲ್ಲಿ ಈ ಯೋಜನೆ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟುವನ್ನು ಆಧರಿಸಿ ಅದು ಸಿದ್ಧಪಡಿಸಿದ ಕೈಟ್ ಗ್ನೂ/ಲಿನಕ್ಸ್ ಇಂದು ಶಾಲೆಗಳಲ್ಲಿ ಬಳಕೆಯಲ್ಲಿದೆ. ಅದರ ಪಾಠಪುಸ್ತಕಗಳು ಕನ್ನಡದಲ್ಲೂ ಇವೆ.

ಈ ಬದಲಾವಣೆಯಲ್ಲಿ ಪೋಷಕರಿಗೆ ಮುಖ್ಯವಾದದ್ದು ಪರವಾನಗಿಯ ಸ್ವರೂಪ. ಶಾಲೆಯಲ್ಲಿರುವ ವ್ಯವಸ್ಥೆಯನ್ನು ಹಾಗೆಯೇ ನಕಲಿಸಿ ಮನೆಯ ಗಣಕಕ್ಕೆ ಹಾಕಿಕೊಳ್ಳುವುದು ಇಲ್ಲಿ ಕಳ್ಳತನವಲ್ಲ, ಪರವಾನಗಿಯೇ ಕೊಟ್ಟಿರುವ ಹಕ್ಕು. ಕೈಟ್ ತನ್ನ ಜಾಲತಾಣದಲ್ಲಿ ಅದನ್ನು ಉಚಿತವಾಗಿ ಇರಿಸಿದೆ. ಜನರ ಗಣಕಗಳಿಗೆ ಹಾಕಿಕೊಡುವ ಇನ್‌ಸ್ಟಾಲ್ ಫೆಸ್ಟ್‌ಗಳನ್ನೂ ನಡೆಸಿದೆ. ಪ್ರೌಢಶಾಲೆಗಳ ಲಿಟ್ಲ್ ಕೈಟ್ಸ್ ಘಟಕಗಳಲ್ಲಿ ಈ ಕೆಲಸ ಬಲ್ಲ ಮಕ್ಕಳೇ ಇದ್ದಾರೆ.

ತಮಿಳುನಾಡು ಬೇರೆ ದಾರಿ ಹಿಡಿಯಿತು. 2011ರ ಸೆಪ್ಟೆಂಬರ್ 15ರಂದು ಆರಂಭವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ದೊರೆತ ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರ ರೂಪಿಸಿದ ಬಾಸ್ ಲಿನಕ್ಸ್ ಕೂಡ ಇತ್ತು. ಇಲ್ಲಿ ಪಟ್ಟಿಯಲ್ಲಿ ಎರಡೂ ಹೆಸರು ಕಾಣುತ್ತಿದ್ದವು. ಆದರೆ ಬಾಸ್ ಲಿನಕ್ಸನ್ನು ತೆಗೆದುಹಾಕುವ ಬಗೆಯನ್ನು ಹುಡುಕಿದ ವಿದ್ಯಾರ್ಥಿಗಳೂ ಇದ್ದರು. ಪಾಠ, ಪರೀಕ್ಷೆ, ಅಭ್ಯಾಸ ಯಾವುದಕ್ಕೂ ಜೋಡಿಸದೆ ಬರಿದೆ ಕೊಟ್ಟದ್ದು ಪಟ್ಟಿಯಲ್ಲಿ ಹೆಸರಿದ್ದರೂ ನಿಲ್ಲದು. ಕೇರಳದಲ್ಲಿ ಲಿನಕ್ಸ್ ನಿಂತದ್ದು ಅದು ಪಾಠವೂ ಪರೀಕ್ಷೆಯೂ ಆದದ್ದರಿಂದ.

ಯಾರು ಯಾರ ಬರಹವನ್ನು ಓದುತ್ತಾರೆ?

ಎರಡು ವ್ಯವಸ್ಥೆಗಳು ಡಿಸ್ಕಿನಲ್ಲಿ ಕಡತ ಜೋಡಿಸುವ ಕ್ರಮ ಬೇರೆಬೇರೆ. ವಿಂಡೋಸಿನದು ಎನ್‌ಟಿಎಫ್‌ಎಸ್, ಅದರ ಒಳಗುಟ್ಟನ್ನು ಮೈಕ್ರೋಸಾಫ್ಟ್ ಪೂರ್ತಿಯಾಗಿ ಪ್ರಕಟಿಸಿರಲಿಲ್ಲ. ಸ್ವತಂತ್ರ ತಂತ್ರಾಂಶದವರು ವರ್ಷಗಟ್ಟಲೆ ಪರಿಶೀಲಿಸಿ ಅದನ್ನು ಅರಿತುಕೊಂಡರು. 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಎಂಬ ತಂತ್ರಾಂಶ ಸ್ಥಿರರೂಪ ಪಡೆದ ಮೇಲೆ ಲಿನಕ್ಸಿನಿಂದ ವಿಂಡೋಸಿನ ಪಾಲನ್ನು ಓದುವುದಷ್ಟೇ ಅಲ್ಲದೆ ಅದರಲ್ಲಿ ನಿರ್ಭಯವಾಗಿ ಬರೆಯುವುದೂ ಸಾಧ್ಯವಾಯಿತು. ಲಿನಕ್ಸಿನ ಕ್ರಮ ಮಾತ್ರ ಎಲ್ಲರಿಗೂ ತೆರೆದಿಟ್ಟ ಪುಸ್ತಕ. ಆದರೂ ಸಾಮಾನ್ಯ ಬಳಕೆಯಲ್ಲಿ ವಿಂಡೋಸ್ ಅದನ್ನು ಓದದು. ಲಿನಕ್ಸ್ ಕ್ರಮದ ಪೆನ್ ಡ್ರೈವನ್ನು ಸಿಕ್ಕಿಸಿದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ಸೂಚಿಸುತ್ತದೆ. ತನಗೆ ಓದಲು ಬಾರದ್ದನ್ನು ಅದು ಖಾಲಿ ಹಾಳೆಯಂತೆ ಕಾಣುತ್ತದೆ. ಒಪ್ಪಿಗೆಯ ಗುಂಡಿ ಒತ್ತಿದರೆ ಇದ್ದದ್ದೆಲ್ಲ ಹೋದಂತೆ.

ಚಿಕ್ಕದು ದೊಡ್ಡದರ ಬರಹವನ್ನು ಕಲಿಯಿತು. ದೊಡ್ಡದು ಚಿಕ್ಕದರ ಬರಹವನ್ನು ಕಲಿಯುವ ಗೋಜಿಗೆ ಹೋಗಲಿಲ್ಲ. ಮಲಯಾಳ, ತಮಿಳು, ಮರಾಠಿ, ತೆಲುಗು ಕಲಿತೂ ಕನ್ನಡ ಉಳಿಸಿಕೊಂಡಿರುವ ನಮ್ಮ ಮಕ್ಕಳಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಇದರಲ್ಲಿ ದೂರು ಇರುವಂತೆಯೇ ಬಲವೂ ಇದೆ. ಎರಡೂ ಕಡೆಯ ಕಡತವನ್ನು ತೆರೆಯಬಲ್ಲದ್ದು ಚಿಕ್ಕದೇ.

ಆದರೆ ಕನ್ನಡದ ಕಡತಗಳ ವಿಷಯದಲ್ಲಿ ತೊಡಕು ನಮ್ಮ ಕಡೆಯದೇ. 1998ರ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವೆರಡೂ ಕನ್ನಡಕ್ಕೆ ಸಲ್ಲಿಸಿದ ಸೇವೆ ದೊಡ್ಡದು. ಆದರೆ ಇವು ವಿಂಡೋಸಿಗಾಗಿ ರಚಿತವಾದವು. ಇವುಗಳ ಹಳೆಯ ಅಕ್ಷರಜೋಡಣೆಯಲ್ಲಿ ಕನ್ನಡದ ಅಕ್ಷರಭಾಗಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕುಳಿತಿರುತ್ತವೆ. ಆ ಫಾಂಟ್ ಇರುವ ತನಕ ಕನ್ನಡ. ಫಾಂಟ್ ಇಲ್ಲದ ಶಾಲೆಯ ಗಣಕದಲ್ಲಿ ಗೊಂದಲ. ಮೊದಲು ಹೇಳಿದ ಅಕ್ಷರಗಳ ರಾಶಿಗೆ ಕಾರಣ ಇದೇ. ಯುನಿಕೋಡ್ ಸಂಹಿತೆ 1991ರಲ್ಲಿ ಮೊದಲು ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ಸ್ವಂತ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಅದನ್ನು ಮನೆಗೆ ತಂದಿತು. ಲಿನಕ್ಸಿನಲ್ಲಿ ಲೋಹಿತ್, ಗುಬ್ಬಿ, ನವಿಲು ಮೊದಲಾದ ಫಾಂಟುಗಳು ಅದೇ ಕೆಲಸ ಮಾಡುತ್ತವೆ. ಯುನಿಕೋಡಿನಲ್ಲಿ ಬರೆದ ಪುಟ ಎರಡೂ ವ್ಯವಸ್ಥೆಗಳಲ್ಲಿ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿವಿನ್ಯಾಸ ಎರಡರಲ್ಲೂ ಒಂದೇ. ನುಡಿಯ ಮೂಲಕ ಪರಿಚಿತವಾದ, ಕೆ. ಪಿ. ರಾಯರ ವಿನ್ಯಾಸವೂ ಲಿನಕ್ಸಿನಲ್ಲಿ ಲಭ್ಯ. ಸೊಲ್ಲಾಪುರವಾಗಲಿ ಆದೋನಿಯಾಗಲಿ, ಕನ್ನಡ ಶಾಲೆಯ ಪ್ರಶ್ನೆಪತ್ರಿಕೆ, ಸ್ಮರಣಸಂಚಿಕೆ, ಮಕ್ಕಳ ಬರಹ ಮುಂದಿನ ತಲೆಮಾರಿಗೆ ಓದಲು ಸಿಗಬೇಕಾದರೆ ಅವು ಯುನಿಕೋಡಿನಲ್ಲಿ ಇರಲೇಬೇಕು.

ಇಂದಿನ ಸ್ಥಿತಿ

2012ರಲ್ಲಿ ವಿಂಡೋಸ್ 8ರೊಂದಿಗೆ ಮನೆಗಣಕಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲು ಬಂತು. ಮುದ್ರೆಯಿಲ್ಲದ ಯಾವ ವ್ಯವಸ್ಥೆಯನ್ನೂ ಅದು ಒಳಗೆ ಬಿಡದು. ಉಬುಂಟುವಿನಂಥ ಲಿನಕ್ಸ್‌ಗಳು ಮೈಕ್ರೋಸಾಫ್ಟಿನ ಮುದ್ರೆ ಪಡೆದ ಚಿಕ್ಕ ತಂತ್ರಾಂಶವೊಂದನ್ನು ಮುಂದಿಟ್ಟುಕೊಂಡು ಪ್ರವೇಶ ಪಡೆದವು. ಹೊಸ ಪಾಲುಪಟ್ಟಿಯಲ್ಲಿ ನಾಲ್ಕರ ಬದಲು 128 ಪಾಲುಗಳಿಗೆ ಅವಕಾಶವಿದೆ. ಪ್ರತಿಯೊಂದು ವ್ಯವಸ್ಥೆಯ ಆರಂಭಿಕ ಕಡತಗಳಿಗೂ ಪ್ರತ್ಯೇಕ ಜಾಗವಿದೆ. ಹಿಂದೆ ವಿಂಡೋಸನ್ನು ಮರುಸ್ಥಾಪಿಸಿದಾಗ ಅದು ಲಿನಕ್ಸಿನ ದ್ವಾರಪಾಲಕನನ್ನು ಕೇಳದೆ ಅಳಿಸಿಹಾಕುತ್ತಿತ್ತು. ಆ ಕಾಟ ಈಗ ಕಡಿಮೆ, ಪೂರ್ತಿ ನಿಂತಿಲ್ಲ. 2024ರ ಆಗಸ್ಟ್‌ನ ವಿಂಡೋಸ್ ಪರಿಷ್ಕರಣೆಯೊಂದರಿಂದ ಎರಡು ವ್ಯವಸ್ಥೆಗಳಿದ್ದ ಅನೇಕ ಗಣಕಗಳಲ್ಲಿ ಲಿನಕ್ಸ್ ತೆರೆಯದಾಯಿತು.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಕೇಳುವ ಅರ್ಹತೆ ಅನೇಕ ಹಳೆಯ ಮನೆಗಣಕಗಳಿಗೆ ಇಲ್ಲ. ಅಂಥ ಯಂತ್ರಗಳನ್ನು ಮೂಲೆಗೆ ಸರಿಸುವ ಮೊದಲು ಶಾಲೆಯ ವ್ಯವಸ್ಥೆಗೆ ಅದರಲ್ಲಿ ಒಂದು ಪಾಲು ಕೊಡುವ ಸಮಯ ಇದು.

ಈ ಚರಿತ್ರೆಯಿಂದ ಬರುವ ಎಚ್ಚರಿಕೆಗಳು ಕೆಲವೇ. ಮೊದಲು ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲಿಸಿ ಇಡಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ಮರುಪಡೆಯುವ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ವಿಂಡೋಸಿನ ಪಾಲನ್ನು ವಿಂಡೋಸಿನೊಳಗಿಂದಲೇ ಕಿರಿದುಗೊಳಿಸಿ, ತೆರವಾದ ಜಾಗಕ್ಕೆ ಲಿನಕ್ಸನ್ನು ಎರಡನೆಯದಾಗಿ ಹಾಕಬೇಕು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಆರಿಸಬೇಕು. ಇಲ್ಲವಾದರೆ ಅದು ಪೂರ್ತಿ ಮುಚ್ಚದೆ ನಿದ್ರಿಸುವುದರಿಂದ ಅದರ ಪಾಲಿನಲ್ಲಿ ಲಿನಕ್ಸ್ ಬರೆಯಲಾಗದು. ವಿಂಡೋಸ್ ಗಣಕದ ಗಡಿಯಾರವನ್ನು ಸ್ಥಳೀಯ ಸಮಯವೆಂದೂ ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದೂ ಎಣಿಸುವುದರಿಂದ ಒಂದರಿಂದ ಇನ್ನೊಂದಕ್ಕೆ ಹೋದಾಗ ಸಮಯ 5 ಗಂಟೆ 30 ನಿಮಿಷ ತಪ್ಪಿ ತೋರಬಹುದು. ಇದು ಯಂತ್ರದ ದೋಷವಲ್ಲ, ಸುಲಭವಾಗಿ ಸರಿಪಡಿಸಬಹುದಾದ ಎಣಿಕೆಯ ಭೇದ. ರಿಪೇರಿಗೆ ಕೊಡುವಾಗ ಇದರಲ್ಲಿ ಎರಡು ವ್ಯವಸ್ಥೆಗಳಿವೆ, ಫಾರ್ಮ್ಯಾಟ್ ಮಾಡಬಾರದು ಎಂದು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕು.

ಹೊಸದನ್ನು ಹಾಕಿದರೆ ಇದ್ದದ್ದು ಕೆಡುವುದೆ ಎಂಬ ಪ್ರಶ್ನೆಗೆ 1983ರ ಪಾಲುಪಟ್ಟಿಯೇ ಉತ್ತರ ಬರೆದಿಟ್ಟಿತ್ತು. ಕ್ರಮವರಿತು ಪಾಲು ಮಾಡಿದರೆ ಎರಡೂ ಇರುತ್ತವೆ. ಆದರೆ ಎರಡನೆಯದು ತಾನಾಗಿ ಉಳಿಯದು. ಅದರ ಹೆಸರು ಪಟ್ಟಿಯಲ್ಲಿ ಇರಬೇಕು, ಅದರಲ್ಲಿ ದಿನವೂ ಕೆಲಸ ನಡೆಯಬೇಕು, ಅದರ ಬರಹ ಎಲ್ಲೆಡೆ ಓದಲು ಬರುವಂತಿರಬೇಕು. ಮುಂದಿನ ಪೋಷಕರ ಸಭೆಯಲ್ಲಿ ಎರಡು ವಿಷಯಗಳನ್ನು ಕೇಳೋಣ: ಶಾಲೆಯ ವ್ಯವಸ್ಥೆಯನ್ನು ಮಕ್ಕಳ ಮನೆಗಣಕಗಳಿಗೆ ಹಾಕಿಕೊಡಲು ಒಂದು ದಿನವನ್ನು ಗೊತ್ತುಪಡಿಸಲಿ; ಶಾಲೆಯ ಕನ್ನಡ ಬರಹವೆಲ್ಲ ಇನ್ನು ಯುನಿಕೋಡಿನಲ್ಲೇ ಆಗಲಿ. ಎರಡಕ್ಕೂ ಹಣ ಬೇಕಾಗಿಲ್ಲ, ಕೇಳುವ ಪೋಷಕರು ಬೇಕು.